ಸಪೋರ್ಟ್ ಮುಗಿದ ಉಬುಂಟು ಸರ್ವರನ್ನು ಹಾಗೇ ಬಿಡಬಹುದಾ?

ಪ್ರಶ್ನೆ: ನಮ್ಮ ಸಣ್ಣ ಆಫೀಸಿನಲ್ಲಿ ಒಂದು ಉಬುಂಟು 18.04 ಸರ್ವರ್ ಇದೆ. ಪಿಎಚ್‌ಪಿಯಲ್ಲಿ ಬರೆಸಿದ ಬಿಲ್ಲಿಂಗ್ ವೆಬ್‌ಸೈಟು, ಎಲ್ಲರೂ ಫೈಲ್ ಇಡುವ ಸಾಂಬಾ ಫೋಲ್ಡರ್, ಎರಡೂ ಅದರಲ್ಲೇ. ಹೊರಗಿನಿಂದಲೂ ಲಾಗಿನ್ ಆಗುತ್ತೇವೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ. ಸಪೋರ್ಟ್ ಮುಗಿದಿದೆ, ಬದಲಾಯಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಓಪನ್ ಸೋರ್ಸ್ ಅಂದ ಮೇಲೆ ತೊಂದರೆ ಬಂದರೆ ಯಾರಾದರೂ ಸರಿ ಮಾಡುತ್ತಾರೆ ಅಲ್ವಾ ಸರ್? ಚೆನ್ನಾಗಿ ಓಡುತ್ತಿರುವುದನ್ನು ಯಾಕೆ ನಿಲ್ಲಿಸುತ್ತಾರೆ? ಹಾಗೇ ಬಿಟ್ಟರೆ ಏನಾಗುತ್ತದೆ? ಇನ್ನೊಂದು, ಮನೆಯಲ್ಲಿ 32 ಬಿಟ್ ಹಳೇ ಲ್ಯಾಪ್‌ಟಾಪ್ ಇದೆ. ಅದಕ್ಕೆ ಏನು ಹಾಕಲಿ?

ಉತ್ತರ: ಹೊರಗಿನಿಂದಲೂ ಲಾಗಿನ್ ಆಗುತ್ತೇವೆ ಅಂದಿರಲ್ಲ, ಆ ಒಂದು ಮಾತು ಇಲ್ಲದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಯಾವ ನೆಟ್‌ವರ್ಕಿಗೂ ಸೇರದೆ ಮೂಲೆಯಲ್ಲಿ ಒಂದೇ ಕೆಲಸ ಮಾಡಿಕೊಂಡಿರುವ ಮಷೀನ್ ಆಗಿದ್ದರೆ ಇರಲಿ ಬಿಡಿ ಎನ್ನುತ್ತಿದ್ದೆ. ನಿಮ್ಮದು ಹಾಗಲ್ಲ. ಬದಲಾಯಿಸಲೇಬೇಕು. ಆದರೆ ಗಾಬರಿಯಿಂದ ಇವತ್ತು ರಾತ್ರಿಯೇ ಕೂತು ಮಾಡಬೇಕಾದ ಕೆಲಸ ಅಲ್ಲ ಇದು. ಹಾಗೆ ಮಾಡಿ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ, ಆ ಕತೆ ಮುಂದೆ ಬರುತ್ತದೆ.

ಸಪೋರ್ಟ್ ಮುಗಿಯಿತು ಅಂದರೆ ಏನು ಎಂಬುದರಲ್ಲೇ ತುಂಬ ಜನಕ್ಕೆ ಗೊಂದಲ ಇದೆ. ಯಾರೂ ಬಂದು ಸ್ವಿಚ್ ಆರಿಸುವುದಿಲ್ಲ. 18.04ರ ಮಾಮೂಲಿ ಸಪೋರ್ಟ್ 2023ರ ಮೇ 31ಕ್ಕೆ ಮುಗಿಯಿತು. ಜೂನ್ 1ರ ಬೆಳಿಗ್ಗೆ ನಿಮ್ಮ ಸರ್ವರ್ ಹಿಂದಿನ ದಿನದ ಹಾಗೇ ಓಡಿತು, ಇವತ್ತೂ ಓಡುತ್ತಿದೆ. ನಿಂತಿದ್ದು ಒಂದೇ. ಅಲ್ಲಿಯವರೆಗೆ ಯಾವುದಾದರೂ ಪ್ಯಾಕೇಜಿನಲ್ಲಿ ತೂತು ಕಂಡರೆ ನಿಮ್ಮ ಹಳೇ ಆವೃತ್ತಿಗೆ ಹೊಂದುವ ತೇಪೆಯನ್ನು ಯಾರೋ ಕೂತು ಹೊಲಿದು ಕಳಿಸುತ್ತಿದ್ದರು. ಈಗ ಕಳಿಸುತ್ತಿಲ್ಲ. ಅಪ್‌ಡೇಟ್ ಕೊಟ್ಟರೆ "ಹೊಸದೇನೂ ಇಲ್ಲ" ಅಂತ ಬರುತ್ತದೆ. ಸರ್ವರ್ ಗಟ್ಟಿಯಾಗಿದೆ ಅಂತ ಅದರ ಅರ್ಥ ಅಲ್ಲ, ನೋಡುವವರು ಯಾರೂ ಇಲ್ಲ ಅಂತ ಅರ್ಥ. ಈ ಎರಡಕ್ಕೂ ಪರದೆಯ ಮೇಲೆ ಬರುವ ಸಾಲು ಹೆಚ್ಚುಕಡಿಮೆ ಒಂದೇ ಥರ ಇರುವುದು ಈ ವ್ಯವಸ್ಥೆಯ ದೊಡ್ಡ ಕೊರತೆ ಅಂತ ನನ್ನ ಅನಿಸಿಕೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಓಪನ್ ಸೋರ್ಸ್ ಅಲ್ವಾ, ಯಾರಾದರೂ ಸರಿ ಮಾಡುತ್ತಾರೆ ಎಂಬುದು. ಸರಿ ಮಾಡುತ್ತಾರೆ, ಆದರೆ ಹೊಸ ಆವೃತ್ತಿಯಲ್ಲಿ. ನಿಮ್ಮ ಹತ್ತಿರ ಇರುವುದು ಹಳೆಯದು. ಒಂದು ಉದಾಹರಣೆ ಕೊಡುತ್ತೇನೆ, ಇದು ನಿಮ್ಮ ಸರ್ವರಿನದೇ ಕತೆ. 18.04 ಬಿಡುಗಡೆಯಾದದ್ದು 2018ರ ಏಪ್ರಿಲ್ 26ಕ್ಕೆ. ಅದರ ಜೊತೆ ಬಂದ ಲಿನಕ್ಸ್ ಕರ್ನಲ್ (ಸಿಸ್ಟಂನ ತಿರುಳು) 4.15. ಆ 4.15 ಸರಣಿಯನ್ನು ಮೂಲ ಕರ್ನಲ್ ತಂಡದವರು ಅದೇ ಏಪ್ರಿಲ್‌ನಲ್ಲಿ, ಉಬುಂಟು ಹೊರಬರುವುದಕ್ಕೆ ಸುಮಾರು ಒಂದು ವಾರ ಮುಂಚೆ, 4.15.18ಕ್ಕೆ ನಿಲ್ಲಿಸಿ ಕೈತೊಳೆದುಕೊಂಡಿದ್ದರು. ಅಂದರೆ ನೀವು ಮೊದಲ ದಿನ ಇನ್‌ಸ್ಟಾಲ್ ಮಾಡಿದಾಗಲೇ ಆ ಕರ್ನಲ್‌ಗೆ ಮೂಲದಲ್ಲಿ ವಾರಸುದಾರರಿರಲಿಲ್ಲ. ಆಮೇಲೆ ಐದು ವರ್ಷ ಅದು ಸುರಕ್ಷಿತವಾಗಿ ಓಡಿತಲ್ಲ, ಅದು ಉಬುಂಟುವಿನ ಕರ್ನಲ್ ತಂಡದವರ ದುಡಿಮೆ. ಹೊಸ ಕರ್ನಲ್‌ನಲ್ಲಿ ಆದ ಪ್ರತಿ ದುರಸ್ತಿಯನ್ನೂ ನೋಡಿ, ಇದು 4.15ಕ್ಕೂ ಬೇಕಾ ಅಂತ ತೀರ್ಮಾನಿಸಿ, ಬೇಕಾದದ್ದನ್ನು ಹಳೇ ಕೋಡಿಗೆ ಹೊಂದುವ ಹಾಗೆ ತಿದ್ದಿ ಹಾಕುವುದು. ಇದಕ್ಕೆ ಬ್ಯಾಕ್‌ಪೋರ್ಟ್ ಅನ್ನುತ್ತಾರೆ. ಸೋರ್ಸ್ ಕೋಡ್ ಎಲ್ಲರಿಗೂ ಬಿಟ್ಟಿ ಸಿಗುತ್ತದೆ. ಈ ಕೆಲಸಕ್ಕೆ ಕೂರುವ ಮನುಷ್ಯನ ಹೊತ್ತು ಬಿಟ್ಟಿ ಸಿಗುವುದಿಲ್ಲ.

ಅದು ಎಷ್ಟು ಕೆಲಸ ಅನ್ನುವುದಕ್ಕೆ ಸುಡೋ ಪ್ರಕರಣ ನೋಡಿ. ರೂಟ್ ಅಂದರೆ ಸಿಸ್ಟಂನ ಪೂರ್ಣ ಅಧಿಕಾರ ಇರುವ ಬಳಕೆದಾರ, ಆ ಅಧಿಕಾರದಲ್ಲಿ ಕಮಾಂಡ್ ಓಡಿಸಲು ಬಳಸುವುದು ಸುಡೋ. ಸಾಮಾನ್ಯ ಬಳಕೆದಾರನಿಗೆ ರೂಟ್ ಅಧಿಕಾರ ಸಿಗುವಂಥ ಒಂದು ತೂತು ಸುಡೋದಲ್ಲಿ 2011ರ ಜುಲೈನಲ್ಲಿ ಸೇರಿಕೊಂಡಿತು. ಸಿಕ್ಕಿದ್ದು 2021ರ ಜನವರಿಯಲ್ಲಿ, ಕ್ವಾಲಿಸ್ ಸಂಸ್ಥೆಯವರಿಗೆ. ಗೊತ್ತಾದ ತೂತುಗಳ ಸಿವಿಇ ಪಟ್ಟಿಯಲ್ಲಿ ಸಿವಿಇ-2021-3156 ಅಂತ ನಂಬರ್ ಬಿತ್ತು. ಮೂಲ ತಂಡ 1.9.5ಪಿ2 ಎಂಬ ಹೊಸ ಆವೃತ್ತಿ ಬಿಟ್ಟು ಅಲ್ಲಿಗೆ ತನ್ನ ಕೆಲಸ ಮುಗಿಸಿತು. ಆದರೆ ಹತ್ತು ವರ್ಷದಲ್ಲಿ ಬಂದ ಬಹುಪಾಲು ಡಿಸ್ಟ್ರೋಗಳ (ಉಬುಂಟುವಿನಂಥ ಲಿನಕ್ಸ್ ಸಿಸ್ಟಂಗಳ) ಆವೃತ್ತಿಗಳಲ್ಲಿ ಆ ತೂತು ಇತ್ತು. 18.04ರಲ್ಲಿ ಇದ್ದದ್ದು 1.8.21ಪಿ2. ಏಕಾಏಕಿ ಹೊಸ ಸುಡೋ ತಂದು ಹಾಕಿದರೆ ಸೆಟ್ಟಿಂಗ್ ಫೈಲುಗಳು ಎಲ್ಲೋ ಮುರಿಯಬಹುದು. ಹಾಗಾಗಿ ತೇಪೆಯನ್ನು ಮಾತ್ರ ಬಿಡಿಸಿ ತಂದು 1.8.21ಪಿ2ಕ್ಕೆ ಹಚ್ಚಿದರು. ಆವೃತ್ತಿ ನಂಬರ್ ಹಾಗೇ ಉಳಿಯಿತು, ಹಿಂದೆ ಅಂಟಿಕೊಂಡಿರುವ "ಉಬುಂಟು" ಎಂಬ ಬಾಲದ ಅಂಕಿ ಮಾತ್ರ ಬದಲಾಯಿತು.

ಬಾಲದ ಮಾತು ಬಂತಲ್ಲ, ಒಂದು ಉಪಕತೆ. ಸೆಕ್ಯುರಿಟಿ ಆಡಿಟ್ ಅಂತ ಬರುವವರು ಸ್ಕ್ಯಾನರ್ ಓಡಿಸಿ "ನಿಮ್ಮ ಸುಡೋ 1.8, ಓಪನ್‌ಎಸ್‌ಎಸ್‌ಎಚ್ 7.6, ಎಲ್ಲ ಹಳೆಯದು, ಅಪಾಯ" ಅಂತ ಕೆಂಪು ಬಣ್ಣದ ವರದಿ ಕೈಗಿಡುತ್ತಾರೆ. (ಓಪನ್‌ಎಸ್‌ಎಸ್‌ಎಚ್ ಅಂದರೆ ಹೊರಗಿನಿಂದ ಸರ್ವರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಪ್ರೋಗ್ರಾಂ.) ಬಾಲಕ್ಕೆ ಮುಂಚೆ ಇರುವ ನಂಬರ್ ನೋಡಿ ಏನೂ ಹೇಳಲಾಗದು, ಬಾಲ ನೋಡಬೇಕು. ಸಪೋರ್ಟ್ ಇದ್ದಾಗ ಬಾಲ ಬೆಳೆಯುತ್ತಾ ಹೋಗುತ್ತದೆ. ನಿಂತ ಮೇಲೆ ಬೆಳೆಯುವುದಿಲ್ಲ. ಪ್ಯಾಕೇಜ್ ಹಾಕುವ ಎಪಿಟಿಯ ಹಿಸ್ಟರಿ ಲಾಗ್ ತೆಗೆದು ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಯಾವ ತಾರೀಖಿನದು ಅಂತ ಒಮ್ಮೆ ನೋಡಿ. ಆ ದಿನದಿಂದ ಇವತ್ತಿನವರೆಗೆ ಜಗತ್ತಿಗೆಲ್ಲ ಗೊತ್ತಾದ ತೂತುಗಳಲ್ಲಿ ಎಷ್ಟು ನಿಮ್ಮ ಪ್ಯಾಕೇಜುಗಳಲ್ಲಿ ಇವೆಯೋ ಅಷ್ಟೂ ಹಾಗೇ ತೆರೆದಿವೆ. ಓಪನ್ ಸೋರ್ಸಿನಲ್ಲಿ ಇನ್ನೊಂದು ಫಜೀತಿ ಇದೆ. ಹೊಸ ಆವೃತ್ತಿಗೆ ತೇಪೆ ಬಂದ ದಿನ ಆ ತೇಪೆಯನ್ನೇ ಓದಿ ಹಳೆಯದರಲ್ಲಿ ತೂತು ಎಲ್ಲಿದೆ ಅಂತ ಪತ್ತೆ ಹಚ್ಚಬಹುದು. ಸರಿ ಮಾಡುವವನಿಗೂ ಕನ್ನ ಹಾಕುವವನಿಗೂ ಅದೇ ಕಾಗದ ಸಿಗುತ್ತದೆ.

ಹಾಗಾದರೆ ಯಾಕೆ ನಿಲ್ಲಿಸುತ್ತಾರೆ? ವರ್ಷ ಕಳೆದಷ್ಟೂ ಹೊಸ ಕೋಡಿಗೂ ಹಳೇ ಕೋಡಿಗೂ ಅಂತರ ಜಾಸ್ತಿ ಆಗುತ್ತದೆ, ಅದಕ್ಕೇ. ಮೊದಲ ವರ್ಷ ತೇಪೆ ನೇರವಾಗಿ ಕೂರುತ್ತದೆ. ಐದನೇ ವರ್ಷ ನಾಲ್ಕು ಕಡೆ ಕತ್ತರಿಸಿ ಕೂರಿಸಬೇಕು. ಎಂಟನೇ ವರ್ಷಕ್ಕೆ ಬಂದರೆ ತೇಪೆ ಹಾಕಬೇಕಾದ ಫಂಕ್ಷನ್ನೇ ಹಳೆಯದರಲ್ಲಿ ಬೇರೆ ಥರ ಇರುತ್ತದೆ, ಆಗ ಅದು ತೇಪೆ ಅಲ್ಲ, ಹೊಸದಾಗಿ ಬರೆಯುವ ಕೆಲಸ. ಬರೆದರೂ ಪರೀಕ್ಷೆ ಮಾಡಬೇಕಲ್ಲ, ಅದಕ್ಕೆ ಹಳೇ ಹಾರ್ಡ್‌ವೇರ್, ಹಳೇ ಕಂಪೈಲರ್ ಎಲ್ಲ ಇಟ್ಟುಕೊಂಡಿರಬೇಕು. ಇದು ಯಾರಿಗೂ ಇಷ್ಟದ ಕೆಲಸ ಅಲ್ಲ. ಸ್ವಯಂಸೇವಕರಾಗಿ ಬಂದವರು ಹೊಸತನ್ನು ಕಟ್ಟುವುದಕ್ಕೆ ಬರುತ್ತಾರೆ, 2018ರ ಕೋಡಿಗೆ ಹೊಲಿಗೆ ಹಾಕುತ್ತಾ ಕೂರುವುದಕ್ಕಲ್ಲ. ಡೆಬಿಯನ್ ಎಂಬ ಇನ್ನೊಂದು ಡಿಸ್ಟ್ರೋ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಮೂರು ವರ್ಷ ಡೆಬಿಯನ್ ತಂಡವೇ ನೋಡಿಕೊಳ್ಳುತ್ತದೆ. ಆಮೇಲಿನ ಎರಡು ವರ್ಷದ ಎಲ್‌ಟಿಎಸ್ (ದೀರ್ಘಾವಧಿ ಸಪೋರ್ಟ್) 2014ರಲ್ಲಿ ಶುರುವಾಯಿತು. ಅದು ನಡೆಯುತ್ತಿರುವುದು ಕಂಪನಿಗಳು ಕೊಡುವ ದುಡ್ಡಿನಿಂದ. ಫ್ರೆಕ್ಸಿಯನ್ ಎಂಬ ಸಂಸ್ಥೆ ಆ ದುಡ್ಡು ಸೇರಿಸಿ ಕೆಲಸ ಮಾಡುವವರಿಗೆ ಗಂಟೆ ಲೆಕ್ಕದಲ್ಲಿ ಕೊಡುತ್ತದೆ. ಗಂಟೆ ಲೆಕ್ಕ ಅನ್ನುವುದನ್ನು ಗಮನಿಸಿ. ಕರ್ನಲ್ ಕಡೆಯವರೂ ಒಂದು ಕಾಲಕ್ಕೆ ಎಲ್‌ಟಿಎಸ್ ಕರ್ನಲ್‌ಗಳನ್ನು ಆರು ವರ್ಷದವರೆಗೆ ಎಳೆಯುತ್ತಿದ್ದರು. 2023ರಲ್ಲಿ, ಮುಂದೆ ಎರಡೇ ವರ್ಷದ ಕಡೆಗೆ ಬರುತ್ತೇವೆ ಅಂದರು. ಅಷ್ಟು ಹಳೆಯದನ್ನು ಬಳಸುವವರೇ ಕಮ್ಮಿ, ನೋಡಿಕೊಳ್ಳುವವರು ಸುಸ್ತಾಗಿದ್ದಾರೆ ಎಂಬುದು ಕಾರಣ. ನನಗಂತೂ ಅದು ನ್ಯಾಯ ಅನಿಸಿತು.

ಆದರೆ ಒಂದು ಮಾತು. ಹಳೆಯದು ಅಂದ ಮಾತ್ರಕ್ಕೆ ತೂತು ಇದ್ದೇ ಇರುತ್ತದೆ ಅಂತ ಹೆದರಿಸುವವರ ಮಾತನ್ನೂ ಪೂರ್ತಿ ನಂಬಬೇಡಿ. 2024ರ ಜುಲೈನಲ್ಲಿ ಓಪನ್‌ಎಸ್‌ಎಸ್‌ಎಚ್‌ನಲ್ಲಿ ರೆಗ್ರೆಶನ್ ಎಂಬ ದೊಡ್ಡ ಗಲಾಟೆ ಆಯಿತಲ್ಲ, ಸಿವಿಇ-2024-6387. ಅದು 8.5ಪಿ1ರಿಂದ 9.7ಪಿ1ವರೆಗಿನ ಆವೃತ್ತಿಗಳಿಗೆ ತಟ್ಟಿತು. 18.04ರ 7.6ಕ್ಕೆ ಏನೂ ಆಗಲಿಲ್ಲ! 2006ರಲ್ಲಿ ಮುಚ್ಚಿದ್ದ ತೂತೊಂದು 2020ರ ಒಂದು ಬದಲಾವಣೆಯಲ್ಲಿ ಮತ್ತೆ ತೆರೆದುಕೊಂಡಿತ್ತು, ಆ ಬದಲಾವಣೆ ನಿಮ್ಮವರೆಗೆ ಬಂದೇ ಇರಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಸಿಕ್ಕ, ಎಕ್ಸ್‌ಜೆಡ್ ಎಂಬ ಫೈಲ್ ಕುಗ್ಗಿಸುವ ಪ್ರೋಗ್ರಾಂನ ಹಿಂಬಾಗಿಲು ಕೂಡ 5.6.0 ಮತ್ತು 5.6.1 ಎಂಬ ಹೊಚ್ಚ ಹೊಸ ಆವೃತ್ತಿಗಳಲ್ಲಿ ಮಾತ್ರ ಇತ್ತು. ಹಳೆಯದೇ ವಾಸಿ ಅಂತ ಆಗ ಎಷ್ಟೋ ಜನ ಬೀಗಿದರು. ಸರಿ, ಆದರೆ ರೆಗ್ರೆಶನ್ ತಟ್ಟಿದ 22.04ರವರು ತೇಪೆ ಹಾಕಿಕೊಂಡು ಮಲಗಿದರು. ಮುಂದಿನ ತೂತು ನಿಮ್ಮ 7.6ರಲ್ಲೇ ಇದ್ದರೆ ನಿಮಗೆ ತೇಪೆ ಕಳಿಸುವವರು ಯಾರು? ಎರಡು ಸಲ ತಪ್ಪಿಸಿಕೊಂಡದ್ದನ್ನು ರಕ್ಷಣೆ ಅಂತ ಲೆಕ್ಕ ಹಾಕಬೇಡಿ.

ಕನ್ನ ಹಾಕುವವರು ಬರದೇ ಇದ್ದರೂ ಹಳೇ ಸಿಸ್ಟಂಗೆ ತುಕ್ಕು ಹಿಡಿಯುತ್ತದೆ. ಇದನ್ನು ಹೇಳುವವರು ಕಮ್ಮಿ. 2021ರ ಸೆಪ್ಟೆಂಬರ್ 30ಕ್ಕೆ ವೆಬ್‌ಸೈಟುಗಳಿಗೆ ಬಿಟ್ಟಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರ್ಟಿಫಿಕೇಟುಗಳ ಹಿಂದೆ ಇದ್ದ ಒಂದು ಹಳೇ ಮೂಲ (ರೂಟ್) ಸರ್ಟಿಫಿಕೇಟಿನ ಅವಧಿ ಮುಗಿಯಿತು. ಹೊಸ ಸಿಸ್ಟಂಗಳು ಬೇರೆ ದಾರಿ ಹಿಡಿದು ಪರಿಶೀಲಿಸಿದವು. ಸರ್ಟಿಫಿಕೇಟ್ ಪರಿಶೀಲಿಸುವ ಓಪನ್‌ಎಸ್‌ಎಸ್‌ಎಲ್ 1.0.2 ಅಥವಾ ಅದಕ್ಕಿಂತ ಹಳೆಯದು ಇದ್ದ ಎಷ್ಟೋ ಸರ್ವರ್‌ಗಳು, ಎದುರಿಗಿನ ವೆಬ್‌ಸೈಟ್ ನೆಟ್ಟಗಿದ್ದರೂ, "ಸರ್ಟಿಫಿಕೇಟ್ ಅವಧಿ ಮೀರಿದೆ" ಅಂತ ಹಟ ಹಿಡಿದು ನಿಂತವು. ಯಾರೂ ದಾಳಿ ಮಾಡಿರಲಿಲ್ಲ, ಕ್ಯಾಲೆಂಡರ್ ಒಂದು ಹಾಳೆ ಮುಂದೆ ಹೋಗಿತ್ತು ಅಷ್ಟೇ. 18.04ರವರಿಗೆ ಇನ್ನೊಂದು ಕಡೆಯಿಂದ ಬಂತು. ಇದರಲ್ಲಿರುವ ಜಿಲಿಬ್‌ಸಿ, ಬಹುತೇಕ ಪ್ರೋಗ್ರಾಂಗಳು ನೆಚ್ಚಿಕೊಂಡಿರುವ ಮೂಲ ಲೈಬ್ರರಿ, 2.27. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ 18ನೇ ಆವೃತ್ತಿ ಬಂದಾಗ ಅದಕ್ಕೆ 2.28 ಬೇಕಾಯಿತು. 2024ರ ಆರಂಭದಲ್ಲಿ ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್ 1.86 ಬಂದಾಗ ಅದೂ ಸರ್ವರಿನಲ್ಲಿ 2.28 ಕೇಳಿತು. ಬೆಳಿಗ್ಗೆ ಎದ್ದು ಎಡಿಟರ್ ಅಪ್‌ಡೇಟ್ ಮಾಡಿಕೊಂಡವರು ತಮ್ಮದೇ 18.04 ಸರ್ವರಿಗೆ ಕನೆಕ್ಟ್ ಆಗಲಾರದೆ ಕೂತರು. ಕೂಗಾಟ ಜೋರಾದ ಮೇಲೆ ಸ್ವಲ್ಪ ಕಾಲಾವಕಾಶ ಕೊಟ್ಟರು, ಅದು ಬೇರೆ ಮಾತು. ಒಂದೇ ಒಂದು ದಶಾಂಶ, 27 ಮತ್ತು 28ರ ನಡುವೆ.

ಕೊಟ್ಟ ತಾರೀಖನ್ನೇ ಹಿಂದಕ್ಕೆ ಎಳೆದ ಉದಾಹರಣೆಯೂ ಇದೆ, ಮುಚ್ಚಿಡುವುದು ಬೇಡ. ಸೆಂಟ್‌ಓಎಸ್ ಎಂಬ ಡಿಸ್ಟ್ರೋದ 8ನೇ ಆವೃತ್ತಿ ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ, 2029ರವರೆಗೆ ಇರುತ್ತದೆ ಅಂತ ಎಲ್ಲರೂ ನೆಚ್ಚಿಕೊಂಡಿದ್ದರು. 2020ರ ಡಿಸೆಂಬರ್ 8ಕ್ಕೆ, ಇದು 2021ರ ಕೊನೆಗೇ ಮುಗಿಯುತ್ತದೆ ಅಂತ ಘೋಷಣೆ ಬಂತು. ಏಳು ವರ್ಷಕ್ಕೂ ಹೆಚ್ಚು ಹೋಯಿತು. ತಮಾಷೆ ಅಂದರೆ ಅದಕ್ಕಿಂತ ಹಳೆಯ ಸೆಂಟ್‌ಓಎಸ್ 7 ಮಾತ್ರ ಹೇಳಿದ ಹಾಗೇ 2024ರ ಜೂನ್ 30ರವರೆಗೆ ನಡೆಯಿತು, ಕಿರಿಯದು ಮೊದಲು ಹೋಯಿತು. ನಿಮ್ಮ "ಯಾರಾದರೂ ಮಾಡುತ್ತಾರೆ" ಎಂಬ ನಂಬಿಕೆ ನಿಜವಾದದ್ದೂ ಅಲ್ಲೇ ನೋಡಿ. ಕೋಡ್ ಬಿಚ್ಚಿಟ್ಟಿದ್ದರಿಂದ 2021ರಲ್ಲೇ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಬದಲಿ ಡಿಸ್ಟ್ರೋಗಳು ಹುಟ್ಟಿಕೊಂಡವು. ಆದರೆ ಅವು ಹುಟ್ಟಿದ್ದು ಸಾವಿರಾರು ಕಂಪನಿಗಳಿಗೆ ಒಟ್ಟಿಗೆ ಬಿಸಿ ತಟ್ಟಿದ್ದರಿಂದ, ದುಡ್ಡು ಹಾಕುವವರು ಮುಂದೆ ಬಂದದ್ದರಿಂದ. ನಿಮ್ಮೊಬ್ಬರ 18.04ಗೆ ಅಂಥ ದಂಡು ಸೇರುವುದಿಲ್ಲ.

ಸರಿ, ಈಗ ಕೆಲಸದ ಮಾತು. ಈ ವಾರ ಮಾಡಬೇಕಾದದ್ದು ಎರಡು. ಹೊರಗಿನಿಂದ ಬರುವ ಬಾಗಿಲು ಮುಚ್ಚಿ. ಎಸ್‌ಎಸ್‌ಎಚ್ ಆಗಲಿ, ಬಿಲ್ಲಿಂಗ್ ಪುಟ ಆಗಲಿ, ರೂಟರ್‌ನಲ್ಲಿ ನೇರವಾಗಿ ತೆರೆದಿಟ್ಟ ಪೋರ್ಟ್‌ಗಳನ್ನು ತೆಗೆದು, ಹೊರಗಿನವರು ವಿಪಿಎನ್ (ಆಫೀಸ್ ನೆಟ್‌ವರ್ಕಿಗೆ ಬರುವ ಗುಪ್ತ ಸುರಂಗ) ಮೂಲಕವೇ ಬರುವ ಹಾಗೆ ಮಾಡಿ. ವಿಪಿಎನ್ ಆ ಹಳೇ ಸರ್ವರಿನ ಮೇಲೇ ಇರಬಾರದು, ಬೇರೆ ಸಾಧನದ ಮೇಲಿರಲಿ. ಫೈರ್‌ವಾಲ್ ಇದೆಯಲ್ಲ ಅಂತ ಅನೇಕರು ಸಮಾಧಾನ ಮಾಡಿಕೊಳ್ಳುತ್ತಾರೆ. ಫೈರ್‌ವಾಲ್ ಮುಚ್ಚಿದ ಪೋರ್ಟನ್ನು ಕಾಯುತ್ತದೆ, ನೀವೇ ತೆರೆದಿಟ್ಟ ಪೋರ್ಟಿನ ಹಿಂದೆ ಕೂತಿರುವ ಹಳೇ ಪಿಎಚ್‌ಪಿಯನ್ನು ಅದು ಏನು ಮಾಡೀತು?

ಎರಡನೆಯದು ಉಬುಂಟು ಪ್ರೊ. 18.04ಗೆ ಮಾಮೂಲಿ ಸಪೋರ್ಟ್ ಮುಗಿದರೂ ಪ್ರೊ ಮೂಲಕ 2028ರವರೆಗೆ ಸೆಕ್ಯುರಿಟಿ ತೇಪೆಗಳು ಬರುತ್ತವೆ. ಐದು ಮಷೀನ್‌ವರೆಗೆ ದುಡ್ಡಿಲ್ಲ. ಅಕೌಂಟ್ ಮಾಡಿ, ಟೋಕನ್ ತಗೊಂಡು, ಸರ್ವರಿನಲ್ಲಿ "ಪ್ರೊ ಅಟ್ಯಾಚ್" ಕೊಟ್ಟರೆ ಹತ್ತು ನಿಮಿಷದ ಕೆಲಸ. ಆಮೇಲೆ "ಪ್ರೊ ಸೆಕ್ಯುರಿಟಿ-ಸ್ಟೇಟಸ್" ಕೊಟ್ಟು ನೋಡಿ. ಅದರಲ್ಲಿ ಮೇನ್, ಯೂನಿವರ್ಸ್ ಅಂತ ಎರಡು ಲೆಕ್ಕ ಬರುತ್ತದೆ. ಅಲ್ಲೊಂದು ಗುಟ್ಟಿದೆ. ಐದು ವರ್ಷದ ಗ್ಯಾರಂಟಿ ಅಂತ ನೀವು ಅಂದುಕೊಂಡಿದ್ದು ಮೇನ್‌ನಲ್ಲಿರುವ ಸುಮಾರು 2,300 ಪ್ಯಾಕೇಜುಗಳಿಗೆ ಮಾತ್ರ ಇತ್ತು. ಯೂನಿವರ್ಸ್‌ನಲ್ಲಿರುವ 23,000ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಆ ಐದು ವರ್ಷದಲ್ಲೂ ಯಾರಾದರೂ ಪುಣ್ಯಾತ್ಮರು ನೋಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಪ್ರೊ ಅವನ್ನೂ ಸೇರಿಸಿಕೊಳ್ಳುತ್ತದೆ. ಇದರಿಂದ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ, ಆದರೆ ನಿಮಗೆ ಸಿಕ್ಕಿದ್ದು ವಾಯಿದೆ ಮಾತ್ರ. ಜಿಲಿಬ್‌ಸಿ 2.27ಅನ್ನು ಪ್ರೊ 2.28 ಮಾಡಿಕೊಡುವುದಿಲ್ಲ, ತುಕ್ಕು ಹಿಡಿಯುವುದು ನಿಲ್ಲುವುದಿಲ್ಲ.

ಬಾಗಿಲು ಮುಚ್ಚಿ, ಪ್ರೊ ಹಾಕಿ, ಉಸಿರು ಬಿಟ್ಟ ಮೇಲೆ ಬದಲಾವಣೆಯ ಯೋಚನೆ. ದಾರಿ ಎರಡಿವೆ. ಇದ್ದ ಮಷೀನ್ ಮೇಲೇ ಅಪ್‌ಗ್ರೇಡ್ ಮಾಡಬಹುದು, 18.04ರಿಂದ 20.04, ಅಲ್ಲಿಂದ 22.04, ಅಲ್ಲಿಂದ 24.04. ಒಂದು ಮೆಟ್ಟಿಲನ್ನೂ ಹಾರುವಂತಿಲ್ಲ. ಅಥವಾ ಪಕ್ಕದಲ್ಲಿ ಇನ್ನೊಂದು ಮಷೀನ್ ಇಟ್ಟು, ಹೊಸದಾಗಿ 24.04 ಹಾಕಿ, ಡೇಟಾ ಸಾಗಿಸಬಹುದು. ನನ್ನ ಓಟು ಎರಡನೆಯದಕ್ಕೆ, ಯಾವ ಅನುಮಾನವೂ ಇಲ್ಲ. ಮೊದಲನೆಯದನ್ನು ನಾನು ಒಮ್ಮೆ ಮಾಡಿದ್ದೆ. ರಾತ್ರಿ ಹನ್ನೊಂದಕ್ಕೆ ಶುರು ಮಾಡಿದೆ. ಅಪ್‌ಗ್ರೇಡ್ ಚೆನ್ನಾಗೇ ಮುಗಿಯಿತು, ರೀಬೂಟ್ ಆಯಿತು, ಲಾಗಿನ್ ಆಯಿತು. ಸೈಟ್ ತೆರೆದರೆ ಪುಟದ ಬದಲು ಕೋಡ್! ವೆಬ್ ಪುಟಗಳನ್ನು ಕಳಿಸಿಕೊಡುವ ಅಪಾಚೆಗೆ ಜೋಡಿಸಿದ್ದ ಪಿಎಚ್‌ಪಿ 7.2 ಮಾಡ್ಯೂಲ್ ಹೋಗಿದೆ, 7.4 ಜೋಡಣೆ ಆಗಿಲ್ಲ, ಹಾಗಾಗಿ ಅಪಾಚೆ ಪಾಪ ಫೈಲನ್ನು ಓಡಿಸದೆ ಇದ್ದದ್ದು ಇದ್ದ ಹಾಗೆ ತೋರಿಸುತ್ತಿದೆ. ಬಿಳಿ ಪರದೆ ಮೇಲೆ ಮೂರನೇ ಸಾಲಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಮಿನುಗುತ್ತಾ ಕೂತಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತು, ಯಾರು ನೋಡಿದರು, ನನಗೆ ಇವತ್ತಿಗೂ ಗೊತ್ತಿಲ್ಲ. ಅಪಾಚೆಯನ್ನು ನಿಲ್ಲಿಸಿಟ್ಟು ಅಪ್‌ಗ್ರೇಡ್ ಮಾಡಬೇಕಿತ್ತು, ಮಾಡಿರಲಿಲ್ಲ. ತಪ್ಪು ನನ್ನದೇ.

ಜಾಗ ಇಲ್ಲ, ಇನ್ನೊಂದು ಮಷೀನ್ ಇಲ್ಲ, ಇದ್ದದ್ದರಲ್ಲೇ ಮಾಡಬೇಕು ಅನ್ನುವುದಾದರೆ ಮೂರು ಸಣ್ಣ ವಿಷಯ ನೆನಪಿಡಿ. ಬೂಟ್ ಪಾರ್ಟಿಶನ್‌ನಲ್ಲಿ ಹಳೇ ಕರ್ನಲ್‌ಗಳು ತುಂಬಿಕೊಂಡಿದ್ದರೆ ಅಪ್‌ಗ್ರೇಡ್ ಮುಂದೆ ಹೋಗುವುದಿಲ್ಲ, ಮೊದಲೇ ಖಾಲಿ ಮಾಡಿ. ಉಬುಂಟುವಿನದಲ್ಲದ ಪ್ಯಾಕೇಜ್ ಮೂಲಗಳನ್ನು (ರೆಪೊ, ಪಿಪಿಎ) ಸೇರಿಸಿದ್ದರೆ ಅಪ್‌ಗ್ರೇಡ್ ಅವನ್ನು ಆರಿಸಿಬಿಡುತ್ತದೆ, ಆಮೇಲೆ ನೀವೇ ಒಂದೊಂದಾಗಿ ನೋಡಿ ಸೇರಿಸಬೇಕು. ಎಸ್‌ಎಸ್‌ಎಚ್ ಮೂಲಕ ಮಾಡುತ್ತಿದ್ದರೆ ಅದು 1022ನೇ ಪೋರ್ಟಿನಲ್ಲಿ ಇನ್ನೊಂದು ಎಸ್‌ಎಸ್‌ಎಚ್ ಶುರು ಮಾಡಿಕೊಳ್ಳುತ್ತದೆ, ಮಧ್ಯೆ ಕೊಂಡಿ ಕಳಚಿದರೆ ಅದೇ ಆಸರೆ. ಫೈರ್‌ವಾಲ್‌ನಲ್ಲಿ ಆ ಪೋರ್ಟ್ ತೆರೆದಿಲ್ಲದಿದ್ದರೆ ಆ ಆಸರೆ ಇದ್ದೂ ಇಲ್ಲ.

ಹೊಸ ಮಷೀನ್ ಅಂದುಕೊಂಡೇ ಮುಂದೆ ಹೇಳುತ್ತೇನೆ. ನಿಮಗೆ ತಲೆನೋವು ಕೊಡುವುದು ಉಬುಂಟು ಅಲ್ಲ, ಬಿಲ್ಲಿಂಗ್ ಕೋಡ್. 18.04ರಲ್ಲಿ ಪಿಎಚ್‌ಪಿ 7.2 ಇದೆ, 24.04ರಲ್ಲಿ 8.3. ನಡುವೆ ಪಿಎಚ್‌ಪಿ 8.0 ಬಂದಾಗ "ಈಚ್", "ಕ್ರಿಯೇಟ್ ಫಂಕ್ಷನ್" ಥರದ ಹಳೇ ಫಂಕ್ಷನ್‌ಗಳನ್ನು ತೆಗೆದುಹಾಕಿದರು. ಅವು ಇದ್ದರೆ ಪುಟ ಮುರಿದು ಎರರ್ ಬರುತ್ತದೆ, ಕಣ್ಣಿಗೆ ಬೀಳುತ್ತದೆ, ಸರಿ ಮಾಡಬಹುದು. ಭಯ ಇರುವುದು ಎರರ್ ಬರದೇ ಬದಲಾಗುವುದರ ಬಗ್ಗೆ. ಪಿಎಚ್‌ಪಿ 7ರಲ್ಲಿ ಸೊನ್ನೆ ಎಂಬ ಸಂಖ್ಯೆಯನ್ನು "ಪೇಯ್ಡ್" ಎಂಬ ಪದದ ಜೊತೆ ಎರಡು ಸಮಚಿಹ್ನೆ ಹಾಕಿ ಹೋಲಿಸಿದರೆ ಎರಡೂ ಒಂದೇ ಎನ್ನುತ್ತಿತ್ತು! ಪದವನ್ನು ಸಂಖ್ಯೆ ಮಾಡಲು ಹೋಗಿ ಸೊನ್ನೆ ಮಾಡಿಕೊಳ್ಳುತ್ತಿತ್ತು. 8ರಲ್ಲಿ ಅದನ್ನು ಸರಿ ಮಾಡಿದರು, ಈಗ ಬೇರೆ ಬೇರೆ ಎನ್ನುತ್ತದೆ. ನಿಮ್ಮ ಬಿಲ್ಲಿಂಗ್ ಕೋಡಿನಲ್ಲಿ ಎಲ್ಲೋ ಒಂದು ಕಡೆ ಆ ತಪ್ಪಿನ ಮೇಲೇ ಲೆಕ್ಕ ನಿಂತಿದ್ದರೆ, ಹೊಸ ಸರ್ವರಿನಲ್ಲಿ ಪುಟ ನೆಟ್ಟಗೆ ತೆರೆಯುತ್ತದೆ, ಬಾಕಿ ಪಟ್ಟಿ ಮಾತ್ರ ಬೇರೆ ಬರುತ್ತದೆ. ಹಾಗಾಗಿ ಹಳೇ ಸರ್ವರಿನಿಂದ ಮೂರು ತಿಂಗಳ ವರದಿ ತೆಗೆಯಿರಿ, ಹೊಸದರಿಂದಲೂ ಅದೇ ಮೂರು ತಿಂಗಳದ್ದು ತೆಗೆಯಿರಿ, ಅಕ್ಕಪಕ್ಕ ಇಟ್ಟು ಒಟ್ಟು ಮೊತ್ತ ತಾಳೆ ನೋಡಿ. ಇದನ್ನು ಲೆಕ್ಕ ನೋಡಿಕೊಳ್ಳುವವರ ಕೈಲೇ ಮಾಡಿಸಿ. ಕಂಪ್ಯೂಟರ್ ಬಲ್ಲವರ ಕಣ್ಣಿಗೆ ಪುಟ ತೆರೆದುಕೊಂಡರೆ ಸಾಕು ಅನಿಸುತ್ತದೆ.

ಮೈಎಸ್‌ಕ್ಯುಎಲ್ ಡೇಟಾಬೇಸ್ ಕೂಡ 5.7ರಿಂದ 8.0ಗೆ ಹೋಗುತ್ತದೆ. "ರ‍್ಯಾಂಕ್", "ಗ್ರೂಪ್ಸ್" ಥರದ ಪದಗಳು 8.0ರಲ್ಲಿ ಮೀಸಲು ಪದಗಳಾದವು. ಟೇಬಲ್ಲಿಗೋ ಕಾಲಂಗೋ ಆ ಹೆಸರಿಟ್ಟಿದ್ದರೆ ಕ್ವೆರಿ ಮುರಿಯುತ್ತದೆ. 5.7ರಲ್ಲಿ ಬೇರೆ ಹೇಳದಿದ್ದರೆ ಅಕ್ಷರಗಳ ಎನ್‌ಕೋಡಿಂಗ್ ಲ್ಯಾಟಿನ್1, 8.0ರಲ್ಲಿ ಯುಟಿಎಫ್8ಎಂಬಿ4. ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯಲ್ಲಿ ಹೆಸರು, ವಿಳಾಸ ಏನಾದರೂ ಇದ್ದರೆ ಸಾಗಿಸಿದ ಮೇಲೆ ಒಂದೆರಡು ಸಾಲು ಕಣ್ಣಾರೆ ಓದಿ. ಸಾಲುಗಳ ಸಂಖ್ಯೆ ಸರಿ ಇದ್ದು ಅಕ್ಷರದ ಜಾಗದಲ್ಲೆಲ್ಲ ಪ್ರಶ್ನೆ ಚಿಹ್ನೆ ಕೂತಿರುವುದು ಮಾಮೂಲಿ.

ಸಾಂಬಾದಲ್ಲಿ ಒಂದೇ ಒಂದು ಎಚ್ಚರಿಕೆ. 18.04ರದ್ದು 4.7. 2019ರಲ್ಲಿ ಬಂದ 4.11ರಿಂದ ಎಸ್‌ಎಂಬಿ1 ಎಂಬ ಹಳೇ ಪ್ರೊಟೊಕಾಲ್ ತಾನಾಗೇ ಆಫ್ ಇರುತ್ತದೆ. ಕಂಪ್ಯೂಟರುಗಳಿಗೆ ಏನೂ ಆಗುವುದಿಲ್ಲ. ಆದರೆ ಸ್ಕ್ಯಾನ್ ಮಾಡಿದ್ದನ್ನು ನೇರವಾಗಿ ಫೋಲ್ಡರಿಗೆ ಹಾಕುವ ಹಳೇ ಕಾಪಿಯರ್ ಮಷೀನ್ ಇದ್ದರೆ ಅದು ಮೌನವಾಗಿ ಕೈಕೊಡುತ್ತದೆ. ಎಸ್‌ಎಂಬಿ1ಅನ್ನು ಮತ್ತೆ ಆನ್ ಮಾಡುವ ಸೆಟ್ಟಿಂಗ್ ಇದೆ, ಅದು ಒಂದು ಫೋಲ್ಡರಿಗಲ್ಲ, ಇಡೀ ಸರ್ವರಿಗೆ ಅನ್ವಯ ಆಗುತ್ತದೆ. ನಾನಾದರೆ ಮಾಡುವುದಿಲ್ಲ, ಸ್ಕ್ಯಾನನ್ನು ಇಮೇಲ್‌ಗೆ ತಿರುಗಿಸುತ್ತೇನೆ.

ಕ್ರಾನ್‌ಟ್ಯಾಬ್, ಅಂದರೆ ಗೊತ್ತುಮಾಡಿದ ಹೊತ್ತಿಗೆ ತಾನಾಗೇ ಓಡುವ ಕೆಲಸಗಳ ಪಟ್ಟಿ, ಮರೆಯಬೇಡಿ. ರೂಟ್‌ನದು ಮಾತ್ರ ಅಲ್ಲ, ಎಲ್ಲ ಬಳಕೆದಾರರದೂ. ಒಂದು ಸಲ ಒಬ್ಬರಿಗೆ ಹೊಸ ಮಷೀನ್ ಹಾಕಿಕೊಟ್ಟೆ, ಕ್ರಾನ್ ಸಾಲುಗಳನ್ನೂ ತಂದು ಹಾಕಿದೆ, ಎಲ್ಲ ಚೆನ್ನಾಗಿತ್ತು. ಬ್ಯಾಕಪ್ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬರೀ "ಪೈಥಾನ್" ಅಂತ ಇತ್ತು. 20.04ರಿಂದ ಈಚೆಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಆ ಹೆಸರಿನ ಕಮಾಂಡೇ ಇರುವುದಿಲ್ಲ, "ಪೈಥಾನ್3" ಮಾತ್ರ. ಪ್ರತಿ ರಾತ್ರಿ ಎರಡು ಗಂಟೆಗೆ ಕ್ರಾನ್ ಎದ್ದು ಪೈಥಾನ್ ಹುಡುಕಿ, ಸಿಗದೆ, ರೂಟ್‌ನ ಮೇಲ್ ಡಬ್ಬಿಗೆ ಒಂದು ದೂರು ಹಾಕಿ ಮಲಗುತ್ತಿತ್ತು. ಆ ಡಬ್ಬಿ ಯಾರು ಓದುತ್ತಾರೆ? ಬೇರೆ ಯಾವುದೋ ಕೆಲಸಕ್ಕೆ ಬ್ಯಾಕಪ್ ಫೋಲ್ಡರ್ ತೆರೆದಾಗ ಕೊನೆಯ ಫೈಲಿನ ತಾರೀಖು ನೋಡಿದೆ. 23 ದಿನ ಹಿಂದಿನದು.

ಬಿಲ್ಲಿಂಗ್ ಬರೆದುಕೊಟ್ಟವರು ಈಗ ಸಿಗುತ್ತಿಲ್ಲ, ಕೋಡ್ ಮುಟ್ಟುವವರಿಲ್ಲ ಅಂತಾದರೆ ಕಂಟೇನರ್ ದಾರಿ ಇದೆ. ಹೊಸ 24.04 ಮೇಲೆ 18.04ರ ಕಂಟೇನರ್, ಅಂದರೆ ಹಳೇ ಸಿಸ್ಟಂ ಇರುವ ಪ್ರತ್ಯೇಕ ಡಬ್ಬಿ, ಇಟ್ಟು ಅದರಲ್ಲಿ ಹಳೇ ಪಿಎಚ್‌ಪಿ ಓಡಿಸುವುದು. ಕರ್ನಲ್ ಹೊಸದಾಯಿತು, ಎಸ್‌ಎಸ್‌ಎಚ್ ಹೊಸದಾಯಿತು, ಒಳಗಿನ ಪಿಎಚ್‌ಪಿ ಮಾತ್ರ ಹಳೆಯದೇ. ಅರ್ಧ ಪರಿಹಾರ. ವಿಪಿಎನ್ ಹಿಂದೆ ಇದ್ದರೆ ಒಂದೆರಡು ವರ್ಷ ತಳ್ಳಬಹುದು, ತೆರೆದ ಇಂಟರ್ನೆಟ್ಟಿಗೆ ಇಡುವುದಾದರೆ ನಾನು ಒಪ್ಪುವುದಿಲ್ಲ.

ಮುಂದಿನ ಸಲ ಯಾವುದು ಹಾಕಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮಂಥ ಸರ್ವರಿಗೆ ಉಬುಂಟು ಎಲ್‌ಟಿಎಸ್ ಸಾಕು, 24.04ಗೆ 2029ರವರೆಗೆ ಮಾಮೂಲಿ ಸಪೋರ್ಟ್ ಇದೆ. ಹತ್ತು ವರ್ಷ ಮುಟ್ಟಲೇ ಬಾರದು ಅನ್ನುವವರಿಗೆ ಆಲ್ಮಾ ಅಥವಾ ರಾಕಿ. ಫೆಡೋರಾ ಬೇಡ, ಒಂದೊಂದು ಆವೃತ್ತಿಗೂ ಸುಮಾರು 13 ತಿಂಗಳು ಅಷ್ಟೇ. ನಡುವೆ ಬರುವ ಉಬುಂಟು ಆವೃತ್ತಿಗಳಿಗೆ 9 ತಿಂಗಳು, ಅವಂತೂ ಬೇಡವೇ ಬೇಡ. ಓಪನ್‌ಬಿಎಸ್‌ಡಿ ಎಂಬ, ಲಿನಕ್ಸ್ ಅಲ್ಲದ ಸಿಸ್ಟಂನವರು ಆರು ತಿಂಗಳಿಗೊಂದು ಆವೃತ್ತಿ ಬಿಡುತ್ತಾರೆ, ಕೊನೆಯ ಎರಡನ್ನು ಮಾತ್ರ ನೋಡಿಕೊಳ್ಳುತ್ತಾರೆ. ವರ್ಷಕ್ಕೊಂದು ಸಲವಾದರೂ ಅಪ್‌ಗ್ರೇಡ್ ಮಾಡಲೇಬೇಕು. ವಿಚಿತ್ರ ಅಂದರೆ ಅದನ್ನು ಓಡಿಸುವವರು ಅಪ್‌ಗ್ರೇಡ್ ಬಗ್ಗೆ ಗೊಣಗುವುದನ್ನು ನಾನು ಕೇಳಿದ್ದೇ ಕಮ್ಮಿ. ಆಗಾಗ ಮಾಡುವುದರಿಂದ ಕೈ ಪಳಗಿರುತ್ತದೆ.

ಇನ್ನು ಲ್ಯಾಪ್‌ಟಾಪ್. ಅದು ನಿಜವಾಗಲೂ 32 ಬಿಟ್ ಹೌದಾ ಅಂತ ಮೊದಲು ನೋಡಿ. ಟರ್ಮಿನಲ್‌ನಲ್ಲಿ "ಎಲ್‌ಎಸ್‌ಸಿಪಿಯು" ಕೊಟ್ಟರೆ ಮೊದಲ ಒಂದೆರಡು ಸಾಲಿನಲ್ಲೇ ಪ್ರೊಸೆಸರ್ ಯಾವ ಯಾವ ಮೋಡ್‌ನಲ್ಲಿ ಓಡಬಲ್ಲದು ಅಂತ ತೋರಿಸುತ್ತದೆ. ಅಲ್ಲಿ 32 ಮತ್ತು 64 ಎರಡೂ ಇದ್ದರೆ ಪ್ರೊಸೆಸರ್ 64 ಬಿಟ್‌ನದೇ, ಹಿಂದೆ ಯಾರೋ 32 ಬಿಟ್ ಸಿಸ್ಟಂ ಹಾಕಿದ್ದಾರೆ ಅಷ್ಟೇ. ಹಾಗಿದ್ದರೆ ಡೆಬಿಯನ್ 13 ಹಾಕಿ, ಹಗುರವಾದ ಡೆಸ್ಕ್‌ಟಾಪ್ ಆರಿಸಿಕೊಳ್ಳಿ. ಬರೀ 32 ಅಂತ ಬಂದರೆ ಡೆಬಿಯನ್ 12 ಹಾಕಿ. 2025ರ ಆಗಸ್ಟ್‌ನಲ್ಲಿ ಬಂದ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. 12ರ ಎಲ್‌ಟಿಎಸ್ 2028ರ ಜೂನ್ 30ರವರೆಗೆ ಇದೆ, ಅಲ್ಲಿಯವರೆಗೆ ಅದರ ಬ್ಯಾಟರಿ ಉಳಿದಿದ್ದರೆ ಆಗ ಇನ್ನೊಮ್ಮೆ ಕೇಳಿ.